ಹತ್ತು ಪಾಯಿಂಟ್ ಎರಡು

ನಮ್ಮ ಲ್ಯಾಬಿನಲ್ಲಿ ಒಂದು ಸಂಖ್ಯೆ ಅಜ್ಜಿಯ ಓಲೆಯ ಹಾಗೆ ತಲೆಮಾರಿನಿಂದ ತಲೆಮಾರಿಗೆ ದಾಟಿ ಬಂದಿತ್ತು. 10.2. ಸೀನಿಯರ್‌ಗಳು ತಮ್ಮ ರೆಕಾರ್ಡ್ ಬುಕ್ಕನ್ನು ಜೂನಿಯರ್‌ಗಳ ಕೈಗಿಡುವಾಗ ಅದರ ಜೊತೆ ಈ ಸಂಖ್ಯೆಯೂ ಹೋಗುತ್ತಿತ್ತು. ಆ ಜೂನಿಯರ್‌ಗಳು ಸೀನಿಯರ್ ಆಗುತ್ತಿದ್ದರು. ರೆಕಾರ್ಡ್ ಬುಕ್ಕಿನ ರಟ್ಟು ಬದಲಾಯಿತು, ಸಿಲಬಸ್ ಬದಲಾಯಿತು, ಸೆಮಿಸ್ಟರ್ ಬಂತು, ಎನ್‌ಇಪಿ ಬಂತು, ನಾಲ್ಕು ವರ್ಷದ ಡಿಗ್ರಿ ಬಂದ ಹಾಗೇ ಹೋಯಿತು. 10.2 ಮಾತ್ರ ಕದಲಲಿಲ್ಲ.

ಕೆಮಿಸ್ಟ್ರಿ ಓದದವರಿಗೆ ಇದೇನು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಪಿಪೆಟ್‌ನಲ್ಲಿ 10 ಎಂ.ಎಲ್. ಆಕ್ಸಾಲಿಕ್ ಆಮ್ಲ ತೆಗೆದು ಕೋನಿಕಲ್ ಫ್ಲಾಸ್ಕಿಗೆ ಬಿಡಬೇಕು. ಅದಕ್ಕೆ ಸ್ವಲ್ಪ ಸಲ್ಫ್ಯೂರಿಕ್ ಆಮ್ಲ ಹಾಕಿ, 60 ಡಿಗ್ರಿ ಆಸುಪಾಸಿಗೆ, ಅಂದರೆ ಫ್ಲಾಸ್ಕ್ ಮುಟ್ಟಿದರೆ ಕೈ ಚುರುಕ್ ಅನ್ನುವಷ್ಟು ಬಿಸಿ ಮಾಡಬೇಕು. ಆಮೇಲೆ ಬ್ಯುರೆಟ್‌ನಿಂದ ಪೊಟ್ಯಾಸಿಯಂ ಪರ್ಮಾಂಗನೇಟನ್ನು ಹನಿ ಹನಿಯಾಗಿ ಬಿಡುತ್ತಾ ಹೋಗಬೇಕು. ಕಡು ನೇರಳೆ ಬಣ್ಣ. ಮೊದಲ ಒಂದೆರಡು ಹನಿ ಬಣ್ಣ ಕಳೆದುಕೊಳ್ಳಲು ತಡಮಾಡುತ್ತವೆ, ಆಮೇಲೆ ಬಿದ್ದ ತಕ್ಷಣ ಮಾಯ. ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನು ಅದೇ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಎಲ್ಲ ಆಕ್ಸಾಲಿಕ್ ಆಮ್ಲ ಮುಗಿದ ಮೇಲೆ ಬೀಳುವ ಒಂದೇ ಒಂದು ಹನಿಗೆ ಫ್ಲಾಸ್ಕ್ ಪೂರ್ತಿ ತಿಳಿ ಗುಲಾಬಿ. ಅದು ಎಂಡ್ ಪಾಯಿಂಟ್. ಎಷ್ಟು ಎಂ.ಎಲ್. ಖರ್ಚಾಯಿತು ಅಂತ ಬರೆದುಕೊಳ್ಳಬೇಕು, ಹೀಗೆ ಮೂರು ಸಲ.

ಇಷ್ಟೆಲ್ಲ ಯಾಕೆ ಮಾಡಬೇಕು ಅಂದರೆ ಪರ್ಮಾಂಗನೇಟ್ ದ್ರಾವಣವನ್ನು ನಂಬುವ ಹಾಗಿಲ್ಲ. ಬೆಳಕು ಬಿದ್ದರೆ, ಧೂಳು ಸೇರಿದರೆ ಅದು ನಿಧಾನಕ್ಕೆ ಕೆಡುತ್ತಾ ಬಾಟಲಿಯ ತಳದಲ್ಲಿ ಕಂದು ಬಣ್ಣದ ಮ್ಯಾಂಗನೀಸ್ ಡೈಆಕ್ಸೈಡ್ ಆಗಿ ಕೂರುತ್ತದೆ. ಲೇಬಲ್ ಮೇಲೆ 0.1 ನಾರ್ಮಲ್ ಅಂತ ಬರೆದಿದ್ದರೂ ಇವತ್ತು ಅದರ ನಿಜವಾದ ಶಕ್ತಿ ಎಷ್ಟು ಅಂತ ಪ್ರತಿ ಸಲ ಅಳೆದೇ ನೋಡಬೇಕು. ಲೇಬಲನ್ನು ನಂಬಬೇಡ ಅನ್ನುವುದೇ ಈ ಪ್ರಯೋಗದ ಹುರುಳು. ಆ ಪ್ರಯೋಗವನ್ನೇ ನಮ್ಮ ಮಕ್ಕಳು ಸೀನಿಯರ್ ರೆಕಾರ್ಡ್ ನೋಡಿ ಬರೆಯುತ್ತಿದ್ದರು, ನಾನು ಸಹಿ ಹಾಕುತ್ತಿದ್ದೆ.

ಕೋವಿಡ್‌ಗೆ ಮುಂಚಿನ ಮಾತು. ಒಂದು ಬ್ಯಾಚಿನಲ್ಲಿ 24 ಮಕ್ಕಳು. 23 ಜನರ ಅಬ್ಸರ್ವೇಷನ್ ಬುಕ್ಕಿನಲ್ಲಿ 10.2, 10.1, 10.2. ಒಬ್ಬಳದು ಮಾತ್ರ 12.4, 12.5, 12.4. ಹಿಂದಿನ ಬೆಂಚಿನ ಮೂಲೆಯಲ್ಲಿ ಕೂರುತ್ತಿದ್ದ, ಹೆಸರು ಕರೆದರೆ ಎದ್ದು ನಿಂತು 'ಎಸ್ ಮೇಡಂ' ಅನ್ನುವುದು ಬಿಟ್ಟರೆ ಬೇರೆ ಮಾತೇ ಕೇಳದ ಹುಡುಗಿ. ನಾನು ಕೆಂಪು ಪೆನ್ನಿನಲ್ಲಿ 'ರಿಪೀಟ್' ಅಂತ ಬರೆದೆ.

"ಮೂರು ಸಲ ಮಾಡಿದೆ ಮೇಡಂ."

"ಎಲ್ಲರಿಗೂ ಹತ್ತು ಬಂದಿರುವಾಗ ನಿನಗೊಬ್ಬಳಿಗೇ ಹೆಂಗಮ್ಮ ಹನ್ನೆರಡು ಬರುತ್ತೆ? ಬ್ಯುರೆಟ್ ಮೂತೀಲಿ ಗಾಳಿ ಗುಳ್ಳೆ ಇತ್ತಾ ನೋಡಿದ್ಯಾ? ಪಿಪೆಟ್ ಸರಿಯಾಗಿ ತೊಳ್ಕೊಂಡ್ಯಾ?"

ಅವಳು ಏನೂ ಹೇಳಲಿಲ್ಲ. ಹತ್ತಕ್ಕೆ ಐದು ಕೊಟ್ಟೆ. ಉಳಿದವರಿಗೆ ಒಂಬತ್ತು, ಒಂಬತ್ತೂವರೆ.

ಸಾಯಂಕಾಲ ಮಕ್ಕಳೆಲ್ಲ ಹೋದ ಮೇಲೆ ನನ್ನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಏನೋ ಒಂದು ಕೊರೆಯುತ್ತಿತ್ತು. ಅದೇ ಬಾಟಲಿಯಿಂದ ಬ್ಯುರೆಟ್ ತುಂಬಿಸಿ ನಾನೇ ಟೈಟ್ರೇಟ್ ಮಾಡಿದೆ. 12.4. ಇನ್ನೊಂದು ಸಲ ಮಾಡಿದೆ. 12.4. ಬಾಟಲಿ ಎತ್ತಿ ನೋಡಿದರೆ ತಳದಲ್ಲಿ ಕಂದು ಪೊರೆ. ಕಿಟಕಿ ಪಕ್ಕದ ಶೆಲ್ಫಿನಲ್ಲಿ ಎಷ್ಟು ವಾರದಿಂದ ಬಿಸಿಲು ಕಾಯಿಸುತ್ತಿತ್ತೋ. ಲೆಕ್ಕ ಹಾಕಿದರೆ ಅದರ ಶಕ್ತಿ 0.08ಕ್ಕೆ ಇಳಿದಿತ್ತು. ಅಂದರೆ ಆವತ್ತು 23 ಮಕ್ಕಳ ಕಣ್ಣೆದುರು ಹನ್ನೆರಡೂವರೆಯ ಹತ್ತಿರ ಗುಲಾಬಿ ಬಣ್ಣ ಬಂದಿದೆ, ಅವರು ಹತ್ತು ಅಂತ ಬರೆದಿದ್ದಾರೆ. ಬಣ್ಣ ಬರುವವರೆಗೂ ಕಾದಿದ್ದರೋ ಇಲ್ಲವೋ ಅದೂ ಅನುಮಾನ.

ಮಾರನೇ ದಿನ ನಾನು ಮಾಡಿದ್ದು ಇಷ್ಟು: ಅಟೆಂಡರ್‌ಗೆ ಹೇಳಿ ಆ ದ್ರಾವಣ ಚೆಲ್ಲಿಸಿ ಹೊಸದು ಮಾಡಿಸಿದೆ. ಕ್ಲಾಸಿನಲ್ಲಿ ಏನೂ ಹೇಳಲಿಲ್ಲ. ಐದನ್ನು ಹತ್ತು ಮಾಡಲಿಲ್ಲ. ಪುಸ್ತಕಗಳನ್ನು ವಾಪಸ್ ಕೊಟ್ಟಾಗಿದೆ, ಈಗ ಒಬ್ಬಳದು ತಿದ್ದಿದರೆ ಉಳಿದ 23 ಜನರದ್ದೂ ತಿದ್ದಬೇಕಾಗುತ್ತೆ, ಅವರೆಲ್ಲ ಬಂದು ಕೇಳುತ್ತಾರೆ, ಹೀಗೆ ನನಗೆ ನಾನೇ ಹೇಳಿಕೊಂಡ ಕಾರಣಗಳು ಬೇಕಾದಷ್ಟಿದ್ದವು. ಎಲ್ಲ ನೆಪ. ನಾಚಿಕೆ ಆಗಿತ್ತು, ಅಷ್ಟೇ.

ಆ ಹೊತ್ತಿಗೆ ನಾನು ಪಾಠ ಹೇಳಲು ಶುರು ಮಾಡಿ ಹನ್ನೊಂದು ವರ್ಷ. ಒಳ್ಳೆಯ ಟೀಚರ್ ಅನ್ನುವ ಹೆಸರಿತ್ತು. ನಮ್ಮಲ್ಲಿ ಆ ಹೆಸರು ಬರುವುದಕ್ಕೆ ಮೂರು ಕೆಲಸ ಮಾಡಬೇಕು: ಟೈಮಿಗೆ ಸರಿಯಾಗಿ ಕ್ಲಾಸಿಗೆ ಹೋಗಬೇಕು, ನೀಟಾಗಿ ನೋಟ್ಸ್ ಡಿಕ್ಟೇಟ್ ಮಾಡಬೇಕು, ಸಿಲಬಸ್ ಮುಗಿಸಬೇಕು. ನಾನು ಹೇಳುತ್ತಿದ್ದೆ, ನಲವತ್ತೈದು ಪೆನ್ನುಗಳು ಬರೆಯುತ್ತಿದ್ದವು. ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆ ನಿಶ್ಶಬ್ದ ಅರ್ಥವಾಗಿರುವುದರ ಗುರುತು ಅಂದುಕೊಂಡಿದ್ದೆ. 12.4ರ ನಂತರ ಆ ನಿಶ್ಶಬ್ದ ಕೇಳಿದರೆ ಹೆದರಿಕೆಯಾಗತೊಡಗಿತು. ಇಷ್ಟು ಜನರಲ್ಲಿ ತಮಗೆ ಕಂಡದ್ದನ್ನು ನುಂಗಿಕೊಂಡು ಕೂತವರು ಎಷ್ಟು ಜನವೋ.

ಲಾಕ್‌ಡೌನ್‌ನಲ್ಲಿ ಆನ್‌ಲೈನ್ ಕ್ಲಾಸು ಮಾಡುವಾಗ ಕಪ್ಪು ಚೌಕಗಳಿಗೆ ಪಾಠ ಹೇಳಿ ಹೇಳಿ ಸಾಕಾಗಿ, ಬೇರೆಯವರು ಏನು ಮಾಡುತ್ತಾರೆ ಅಂತ ಓದಲು ಶುರು ಮಾಡಿದೆ. ಹಾರ್ವರ್ಡ್‌ನ ಭೌತಶಾಸ್ತ್ರದ ಪ್ರೊಫೆಸರ್ ಎರಿಕ್ ಮಜೂರ್ 1990ರ ದಶಕದಲ್ಲೇ ಲೆಕ್ಚರ್ ನಿಲ್ಲಿಸಿ, ಒಂದು ಪ್ರಶ್ನೆ ಕೊಟ್ಟು, ಮಕ್ಕಳು ಮೊದಲು ಒಬ್ಬೊಬ್ಬರೇ ಉತ್ತರ ಆರಿಸಿ, ಆಮೇಲೆ ಪಕ್ಕದವರ ಜೊತೆ ವಾದ ಮಾಡಿ, ಮತ್ತೊಮ್ಮೆ ಆರಿಸುವ ಕ್ರಮ ತಂದಿದ್ದರು. ಅವರ ಹುಡುಗರು ಎಲ್ಲಿ, ಹಳ್ಳಿಯಿಂದ ಎರಡು ಬಸ್ ಹತ್ತಿ ಬರುವ ನಮ್ಮ ಹುಡುಗರು ಎಲ್ಲಿ ಅಂತ ಅನ್ನಿಸಿತು. ಆದರೆ ಇದಕ್ಕೆ ಖರ್ಚಿಲ್ಲವಲ್ಲ. ಸೀಮೆಸುಣ್ಣ, ಬೋರ್ಡು, ಬಾಯಿ ಇದ್ದರೆ ಸಾಕು.

ಕಾಲೇಜು ಮತ್ತೆ ತೆರೆದ ಮೇಲೆ ಮೊದಲು ಕೇಳಿದ ಪ್ರಶ್ನೆ: ನೀರು ಕುದಿಯುವಾಗ ಏಳುವ ಗುಳ್ಳೆಯೊಳಗೆ ಏನಿರುತ್ತೆ? ಒಂದು, ಗಾಳಿ. ಎರಡು, ಹೈಡ್ರೋಜನ್ ಮತ್ತು ಆಕ್ಸಿಜನ್. ಮೂರು, ನೀರಿನ ಆವಿ. ನಾಲ್ಕು, ಏನೂ ಇಲ್ಲ. ಕಣ್ಣು ಮುಚ್ಚಿಕೊಂಡು, ಎದೆಯ ಹತ್ತಿರ ಬೆರಳು ತೋರಿಸಿ ಅಂದೆ. ಕಣ್ಣು ಬಿಟ್ಟರೆ ಎಲ್ಲರೂ ಫಸ್ಟ್ ಬೆಂಚಿನ ಟಾಪರ್ ಕಡೆ ನೋಡುತ್ತಾರೆ. ಎಣಿಸಿದೆ. ಮೂರು ಬೆರಳು ಎತ್ತಿದವರು ಹತ್ತು ಜನವೂ ಇರಲಿಲ್ಲ. ಹೆಚ್ಚಿನವರದು ಎರಡು. ಶ್ರೋಡಿಂಗರ್ ಸಮೀಕರಣವನ್ನು ತಪ್ಪಿಲ್ಲದೆ ಬರೆಯುವ ಮಕ್ಕಳು ಇವರು. ಆಮೇಲೆ ಓದಿ ಸ್ವಲ್ಪ ಸಮಾಧಾನ ಮಾಡಿಕೊಂಡೆ. ನ್ಯೂಜಿಲೆಂಡಿನಲ್ಲಿ ಓಸ್ಬೋರ್ನ್ ಮತ್ತು ಕಾಸ್‌ಗ್ರೋವ್ ಅನ್ನುವವರು 1983ರಲ್ಲೇ ಮಕ್ಕಳಿಗೆ ಇದನ್ನು ಕೇಳಿ ಇಂಥವೇ ಉತ್ತರ ಪಡೆದಿದ್ದರು. ಈ ತಪ್ಪು ನಮ್ಮ ಊರಿನದಲ್ಲ, ಲೋಕದ್ದು.

"ಈಗ ಪಕ್ಕದವರ ಜೊತೆ ಮಾತಾಡಿ. ನಿಮ್ಮ ಉತ್ತರ ಯಾಕೆ ಸರಿ ಅಂತ ಒಪ್ಪಿಸಿ" ಅಂದೆ.

ಯಾರೂ ಮಾತಾಡಲಿಲ್ಲ. ಒಂದನೇ ಕ್ಲಾಸಿನಿಂದ ಮಾತಾಡಬೇಡಿ ಅಂತಲೇ ಕೇಳಿಸಿಕೊಂಡು ಬಂದವರು. ಇದೇನೋ ಪರೀಕ್ಷೆ ಇರಬೇಕು, ಬಾಯಿ ಬಿಟ್ಟರೆ ಸಿಕ್ಕಿಬೀಳುತ್ತೇವೆ ಅಂತ ನನ್ನನ್ನೇ ನೋಡುತ್ತಾ ಕೂತರು. ಅರ್ಧ ನಿಮಿಷ. ನಂಬಿ, ಬೋರ್ಡಿನ ಮುಂದೆ ಕೈಕಟ್ಟಿ ನಿಂತವರಿಗೆ ಅರ್ಧ ನಿಮಿಷ ಬಹಳ ಉದ್ದ. ಉತ್ತರ ನಾಲಿಗೆ ತುದಿಯಲ್ಲಿತ್ತು. ಬಾಗಿಲ ಕಡೆ ತಿರುಗಿ ನಿಂತೆ.

ಹಿಂದಿನ ಬೆಂಚಿನಿಂದ ಒಂದು ದನಿ. "ಲೇ, ಕುದ್ದಾಗ ಹೈಡ್ರೋಜನ್ ಬರಂಗಿದ್ರೆ ಬಚ್ಚಲೊಲೆ ಹತ್ರ ದಿನಾ ಢಮಾರ್ ಅನ್ಬೇಕಿತ್ತಲ್ಲೋ. ಹಂಡೆ ಕೆಳಗೇ ಬೆಂಕಿ ಇರುತ್ತೆ."

ಕ್ಲಾಸು ನಕ್ಕಿತು, ಆಮೇಲೆ ಗಲಾಟೆ ಶುರುವಾಯಿತು. "ಅಂಗಾರೆ ಆ ಎರಡು ಗ್ಯಾಸು ಎಲ್ಲಿಗೆ ಹೋಯ್ತು?" "ಎಲ್ಲಿಗೂ ಹೋಗಿಲ್ಲ, ಬಾಂಡ್ ಬ್ರೇಕೇ ಆಗಲ್ಲ ಕಣೇ, ಮಾಲಿಕ್ಯೂಲು ಮಾಲಿಕ್ಯೂಲು ದೂರ ದೂರ ಹೋಗ್ತವೆ ಅಷ್ಟೇ." "ಮುಚ್ಚಳಕ್ಕೆ ನೀರು ಕಟ್ಟುತ್ತಲ್ಲ, ಅದು ಎಲ್ಲಿಂದ ಬಂತು ಹೇಳು." ಪುಸ್ತಕದ ಕೊನೆಯ ಟೇಬಲ್ ತೆಗೆಸಿ ಅಂಕಿ ಹುಡುಕಿಸಿದೆ. 18 ಗ್ರಾಂ ನೀರನ್ನು ಕುದಿಬಿಂದುವಿನಲ್ಲಿ ಆವಿ ಮಾಡಲು ಸುಮಾರು 41 ಕಿಲೋಜೂಲ್. ಅದೇ ಆವಿಯ ಅಣುಗಳ ಎರಡೂ ಬಂಧ ಮುರಿಯಲು 920ಕ್ಕಿಂತ ಹೆಚ್ಚು. "ಒಲೆಗೆ ಅಷ್ಟು ತಾಕತ್ತಿಲ್ಲ ಮೇಡಂ" ಅಂದಳು ಒಬ್ಬಳು. ಮತ್ತೆ ಬೆರಳು ಎತ್ತಿಸಿದಾಗ ಹೆಚ್ಚುಕಮ್ಮಿ ಎಲ್ಲವೂ ಮೂರು. ಆ ಇಪ್ಪತ್ತು ನಿಮಿಷದಲ್ಲಿ ನಾನು ಪಾಠದ ಒಂದು ವಾಕ್ಯವನ್ನೂ ಹೇಳಿರಲಿಲ್ಲ.

ನನಗೆ ಹೊಡೆದದ್ದು ಅವರ ಭಾಷೆ. ನಮ್ಮಲ್ಲಿ ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ, ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಬಿದ್ದು, ಹೇಗೋ ಈಜಿ ಬಿಎಸ್ಸಿಗೆ ಬಂದ ಮಕ್ಕಳೇ ಹೆಚ್ಚು. ನಾನು ಕ್ಲಾಸಿನಲ್ಲಿ ಇಂಗ್ಲಿಷಿನಲ್ಲೇ ಉತ್ತರ ಹೇಳಿ ಅನ್ನುತ್ತಿದ್ದೆ, ಅವರ ಒಳ್ಳೆಯದಕ್ಕೇ ಅಂತ. ಚಪ್ಪಲಿಯನ್ನು ಬಾಗಿಲ ಹತ್ತಿರ ಬಿಡುವ ಹಾಗೆ ಅವರು ತಮ್ಮ ತರ್ಕವನ್ನೂ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದರು ಅಂತ ಹೊಳೆದಿರಲಿಲ್ಲ. ಪರೀಕ್ಷೆ ಇಂಗ್ಲಿಷಿನಲ್ಲೇ ಬರೆಯಬೇಕು, ಅದು ಬೇರೆ ಮಾತು. ಈಗ ಮೊದಲು ಜಗಳ ಕನ್ನಡದಲ್ಲಿ, ಆಮೇಲೆ ಎಲ್ಲರೂ ಸೇರಿ ಇಂಗ್ಲಿಷಿನಲ್ಲಿ ಎರಡು ವಾಕ್ಯ.

ಆಮ್ಲ-ಪ್ರತ್ಯಾಮ್ಲದ ಪಾಠಕ್ಕೆ ಆರತಿ ನೀರು ತಂದೆವು. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತೆ ಅಂತ ಗೊತ್ತಿಲ್ಲದ ಮನೆ ನಮ್ಮ ಕಡೆ ಇಲ್ಲ. ಆದರೆ ಅದೂ ಫಿನಾಲ್ಫ್‌ಥಲೀನೂ ಒಂದೇ ಜಾತಿಯ ಕೆಲಸ ಮಾಡುತ್ತವೆ ಅಂತ ಯಾರಿಗೂ ಹೊಳೆದಿರಲಿಲ್ಲ. ನಿಂಬೆಹಣ್ಣು ಹಿಂಡಿ ಅದನ್ನು ಮತ್ತೆ ಹಳದಿ ಮಾಡಿದಾಗ ಒಬ್ಬ ಹುಡುಗ "ಮೇಡಂ, ಹಂಗಾರೆ ದೃಷ್ಟಿ ವಾಪಸ್ ಬಂದಂಗಾಯ್ತು" ಅಂದ. ಇಂಥ ಮಾತಿಗೆ ಹಿಂದೆಲ್ಲ ಗದರುತ್ತಿದ್ದೆ.

ಇದೆಲ್ಲ ಓದಿ ನಮ್ಮ ಕಾಲೇಜಿನಲ್ಲಿ ಏನೋ ಕ್ರಾಂತಿ ಆಗಿಬಿಟ್ಟಿದೆ ಅಂದುಕೊಳ್ಳಬೇಡಿ. ಒಂದೂವರೆ ತಿಂಗಳಿಗೆ ಪ್ರಿನ್ಸಿಪಾಲರು ಕರೆದರು. ಮಕ್ಕಳು ದೂರು ಕೊಟ್ಟಿದ್ದರು: ಮೇಡಂ ಪಾಠ ಮಾಡಲ್ಲ, ನಮ್ಮ ಕೈಲೇ ಮಾಡಿಸ್ತಾರೆ, ನೋಟ್ಸ್ ಕೊಡಲ್ಲ. ಸ್ಟಾಫ್ ರೂಮಿನಲ್ಲಿ "ಪುಣ್ಯವಂತರು ಕಣ್ರೀ ನೀವು, ಆರಾಮಾಗಿ ಕೂತ್ಕೋಬಹುದು" ಅನ್ನುವ ಮಾತೂ ಬಂತು. ನೋವಾಯಿತು. ಒಂದು ಪ್ರಶ್ನೆಗೆ ಸರಿಯಾದ ತಪ್ಪು ಆಯ್ಕೆಗಳನ್ನು ಹುಡುಕುವುದಕ್ಕೆ ರಾತ್ರಿ ಎರಡು ಗಂಟೆ ಕೂತಿರುತ್ತೇನೆ, ನೋಟ್ಸ್ ಓದಿ ಹೇಳುವುದಕ್ಕೆ ಏನೂ ಬೇಕಿರಲಿಲ್ಲ. 2019ರಲ್ಲಿ ಅದೇ ಹಾರ್ವರ್ಡ್‌ನ ಭೌತಶಾಸ್ತ್ರದ ಮಕ್ಕಳನ್ನು ಪರೀಕ್ಷಿಸಿದಾಗ, ತಾವೇ ಕೈಹಾಕಿ ಕಲಿತವರು ಟೆಸ್ಟಿನಲ್ಲಿ ಹೆಚ್ಚು ಕಲಿತಿದ್ದರೂ, ತಾವು ಕಡಿಮೆ ಕಲಿತೆವು ಅಂತಲೇ ಹೇಳಿದ್ದರಂತೆ. ಸೊಗಸಾದ ಲೆಕ್ಚರ್ ಕೇಳಿದವರಿಗೆ ಎಲ್ಲ ತಿಳಿಯಿತು ಅನ್ನುವ ಸುಖ. ತಡವರಿಸಿದವರಿಗೆ ತಮ್ಮ ತಡವರಿಕೆಯೇ ದೊಡ್ಡದಾಗಿ ಕಾಣುತ್ತೆ. ಇದನ್ನು ಪ್ರಿನ್ಸಿಪಾಲರಿಗೆ ಹೇಳಿದೆ. ಅವರು ಒಳ್ಳೆಯವರು. "ಆಯ್ತಮ್ಮ, ಆದ್ರೆ ಕ್ವೆಶ್ಚನ್ ಪೇಪರ್ ಹಾರ್ವರ್ಡಿಂದ ಬರಲ್ವಲ್ಲ" ಅಂದರು.

ಅವರ ಮಾತಿನಲ್ಲೂ ಮಕ್ಕಳ ದೂರಿನಲ್ಲೂ ನ್ಯಾಯ ಇತ್ತು. ಪೇಪರಿನಲ್ಲಿ ಬರುವುದು 'ವಿವರಿಸಿ', 'ಟಿಪ್ಪಣಿ ಬರೆಯಿರಿ'. ಆ ಸೆಮಿಸ್ಟರಿನಲ್ಲಿ ನನ್ನ ಎರಡು ಚಾಪ್ಟರ್ ಉಳಿದು, ಕೊನೆಗೆ ಸ್ಪೆಷಲ್ ಕ್ಲಾಸ್ ತೆಗೆದುಕೊಂಡು ಹಳೆಯ ಹಾಗೇ ಡಿಕ್ಟೇಟ್ ಮಾಡಿ ಮುಗಿಸಿದೆ. ಈಗ ನೋಟ್ಸನ್ನು ಮೊದಲೇ ಜೆರಾಕ್ಸ್ ಅಂಗಡಿಯಲ್ಲಿ ಇಟ್ಟುಬಿಡುತ್ತೇನೆ. ಬರೆಯುವ ಹೊತ್ತು ಉಳಿಯುತ್ತೆ, ಅದನ್ನು ಜಗಳಕ್ಕೆ ಕೊಡುತ್ತೇನೆ. ಎಲ್ಲ ಪಾಠವನ್ನೂ ಹೀಗೆ ಮಾಡಲು ಆಗಿಲ್ಲ, ಆಗುವುದೂ ಇಲ್ಲ. ಕ್ವಾಂಟಮ್ ಕೆಮಿಸ್ಟ್ರಿಯನ್ನು ಇವತ್ತಿಗೂ ಬೋರ್ಡಿನ ಮೇಲೆ ಬರೆದೇ ಹೇಳುತ್ತೇನೆ. 2014ರಲ್ಲಿ 225 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದವರು, ಬರೀ ಲೆಕ್ಚರ್ ಕೇಳುವ ಕ್ಲಾಸಿನ ಮಕ್ಕಳು ಫೇಲಾಗುವ ಸಂಭವ ಒಂದೂವರೆ ಪಟ್ಟು ಅಂತ ಕಂಡುಕೊಂಡರು. ನಮ್ಮ ರಿಸಲ್ಟ್ ಶೀಟಿನಲ್ಲಿ ಅಂಥ ಪವಾಡವೇನೂ ಕಂಡಿಲ್ಲ. ಗುಂಪಿನ ಕೆಲಸಕ್ಕೂ ತನ್ನದೇ ರೋಗಗಳಿವೆ. ಮಾತಾಡುವವನು ಒಬ್ಬನೇ ಆಗಿಬಿಡುತ್ತಾನೆ. ಹುಡುಗರು ಬ್ಯುರೆಟ್ ಹಿಡಿಯುತ್ತಾರೆ, ಹುಡುಗಿಯರು ರೀಡಿಂಗ್ ಬರೆದುಕೊಳ್ಳುತ್ತಾರೆ. ವಾರವಾರ ಕೆಲಸ ಬದಲಿಸಬೇಕು ಅಂತ ಗೋಡೆಯ ಮೇಲೆ ಪಟ್ಟಿ ಅಂಟಿಸುವವರೆಗೆ ಅದು ಹಾಗೇ ನಡೆದಿತ್ತು.

ಲ್ಯಾಬಿಗೆ ಮಾತ್ರ ನಾನು ರಾಜಿ ಇಲ್ಲದೆ ಕೈಹಾಕಿದೆ. ಪರ್ಮಾಂಗನೇಟ್ ಬಾಟಲಿಗಳ ಲೇಬಲ್ ಕಿತ್ತು ಎ, ಬಿ, ಸಿ ಅಂತಷ್ಟೇ ಬರೆದೆ. ಮೂರಕ್ಕೂ ಬೇರೆ ಬೇರೆ ಶಕ್ತಿ. ಇಬ್ಬಿಬ್ಬರಿಗೆ ಒಂದು ಬ್ಯುರೆಟ್. ತೆಗೆದ ರೀಡಿಂಗನ್ನು ಪುಸ್ತಕಕ್ಕಿಂತ ಮೊದಲು ಬೋರ್ಡಿನ ಮೇಲೆ ಬರೆಯಬೇಕು, ಬರೆದ ಮೇಲೆ ಅಳಿಸುವ ಹಾಗಿಲ್ಲ. ಮೊದಲ ದಿನ ಗಾಬರಿಯೋ ಗಾಬರಿ. ಒಬ್ಬ ಕಾರಿಡಾರಿಗೆ ಹೋಗಿ ಫೋನಿನಲ್ಲಿ "ಅಣ್ಣಾ, ನಿನ್ ರೆಕಾರ್ಡ್ ಕೈಕೊಡ್ತು" ಅನ್ನುತ್ತಿದ್ದ. ಬೋರ್ಡಿನ ಮೇಲೆ ಬಿ ಬಾಟಲಿಯ ಕೆಳಗೆ ನಾಲ್ಕು ರೀಡಿಂಗ್ ಬಂದವು: 12.6, 12.5, 12.6, 10.2.

ಎಲ್ಲರೂ 10.2 ಬರೆದ ಇಬ್ಬರ ಕಡೆ ತಿರುಗಿ ನಗಲು ಶುರು ಮಾಡಿದರು. ನಗಬೇಡಿ ಅಂದೆ. ಸ್ವಲ್ಪ ಜೋರಾಗಿಯೇ ಅಂದೆ ಅನ್ನಿಸುತ್ತೆ, ಎಲ್ಲ ಸುಮ್ಮನಾದರು. "ಜಾಸ್ತಿ ಜನಕ್ಕೆ ಬಂದಿದ್ದೇ ಸರಿ ಅಂತ ಇಲ್ಲ. ಈ 10.2 ಹೇಗೆ ಬರಬಹುದು, ಎಲ್ಲರೂ ಯೋಚನೆ ಮಾಡಿ." ಪಟ್ಟಿ ಬೆಳೆಯಿತು. ಬ್ಯುರೆಟ್ ಸೊನ್ನೆ ಗೆರೆಗಿಂತ ಮೇಲಕ್ಕೆ ತುಂಬಿತ್ತೇನೋ. ಆಕ್ಸಾಲಿಕ್ ಆಮ್ಲವನ್ನು ಕುದಿಸಿಬಿಟ್ಟರೆ ಅದೇ ಸ್ವಲ್ಪ ಒಡೆದು ಹೋಗುತ್ತೆ, ಆಗ ಪರ್ಮಾಂಗನೇಟ್ ಕಡಿಮೆ ಸಾಕು. ತಣ್ಣಗಿದ್ದರೆ ಬಣ್ಣ ಹೋಗಲು ತಡವಾಗಿ, ಅದನ್ನೇ ಎಂಡ್ ಪಾಯಿಂಟ್ ಅಂದುಕೊಂಡಿರಬಹುದು. ಕೊನೆಗೆ ಆ ಇಬ್ಬರಲ್ಲಿ ಒಬ್ಬ ತಲೆ ತಗ್ಗಿಸಿಕೊಂಡು "ರೆಕಾರ್ಡ್ ನೋಡಿ ಬರೆದ್ವಿ ಮೇಡಂ" ಅಂದ. ಅವನಿಗೆ ಪೂರ್ತಿ ಮಾರ್ಕ್ಸ್ ಕೊಟ್ಟೆ. ಸರಿಯೋ ತಪ್ಪೋ ಗೊತ್ತಿಲ್ಲ, ಆವತ್ತು ಕೈ ತಾನಾಗಿಯೇ ಕೊಟ್ಟಿತು.

ಅದಾಗಿ ಸ್ವಲ್ಪ ದಿನಕ್ಕೆ ಆ ಹುಡುಗಿ ಬಂದಳು. ಮೂಲೆ ಬೆಂಚಿನ 12.4ರವಳು. ಬಿ.ಎಡ್. ಸೇರುವುದಕ್ಕೆ ಯಾವುದೋ ಮಾರ್ಕ್ಸ್ ಕಾರ್ಡ್ ಬೇಕಿತ್ತು, ಆಫೀಸಿನಲ್ಲಿ ಕಾಯಿಸಿದ್ದರು, ಹಾಗೇ ಡಿಪಾರ್ಟ್‌ಮೆಂಟಿಗೆ ಬಂದೆ ಅಂದಳು. ಲ್ಯಾಬಿನ ಬೋರ್ಡಿನ ಮೇಲೆ ಬೆಳಗಿನ ಬ್ಯಾಚಿನ ರೀಡಿಂಗ್‌ಗಳು ಹಾಗೇ ಇದ್ದವು. ಅವಳು ಅದನ್ನೇ ನೋಡುತ್ತಾ ನಿಂತಳು.

"ಇದೇನು ಮೇಡಂ, ಒಬ್ಬೊಬ್ಬರದು ಒಂದೊಂದು ಥರ ಇದೆ?"

ಹೇಳಿದೆ. ಬಾಟಲಿಗಳ ಕತೆ ಹೇಳುತ್ತಾ ಹೇಳುತ್ತಾ ಅದನ್ನೂ ಹೇಳಿದೆ. ಆವತ್ತು ಸಾಯಂಕಾಲ ನಾನೇ ಟೈಟ್ರೇಟ್ ಮಾಡಿ ನೋಡಿದ್ದು, ನನಗೂ 12.4 ಬಂದದ್ದು, ಮಾರನೇ ದಿನ ಬಾಯಿ ಬಿಡದೆ ಇದ್ದದ್ದು. ನಿನ್ನದೊಂದೇ ಸರಿ ಇತ್ತು ಕಣಮ್ಮಾ, ನನ್ನಿಂದ ತಪ್ಪಾಯಿತು ಅಂದೆ. ಮಕ್ಕಳ ಮುಂದೆ ಈ ಮಾತು ಹೇಳಿ ಅಭ್ಯಾಸ ಇಲ್ಲ, ಗಂಟಲು ಒಣಗಿತ್ತು.

ಅವಳು ಸ್ವಲ್ಪ ಹೊತ್ತು ಬ್ಯುರೆಟ್ ಸ್ಟ್ಯಾಂಡಿನ ತಿರುಪನ್ನು ಸುಮ್ಮನೆ ತಿರುಗಿಸುತ್ತಾ ನಿಂತಿದ್ದಳು.

"ನೆನಪಿದೆ ಮೇಡಂ" ಅಂದಳು. "ಅದಾದ್ಮೇಲೆ ನಾನೂ ರೆಕಾರ್ಡ್ ನೋಡ್ಕೊಂಡೇ ಬರೀತಿದ್ದೆ. ಫೈನಲ್ ಪ್ರಾಕ್ಟಿಕಲ್ಸ್‌ನಲ್ಲಿ ಔಟ್ ಆಫ್ ಔಟ್ ಬಂತು."